ಮನೆಯೇ ಆಫೀಸಾದರೆ ಕೀಲಿ ಯಾರ ಕೈಗೆ?

2024ರ ಏಪ್ರಿಲ್ 16ರ ಮಳೆಯನ್ನು ಯುಎಇಯಲ್ಲಿರುವ ನಾವ್ಯಾರೂ ಮರೆಯುವಂತಿಲ್ಲ. ಸರಕಾರಿ ಕಚೇರಿಯವರಿಗೆ ಅಂದು ಮನೆಯಿಂದಲೇ ಕೆಲಸ ಎಂದು ಆದೇಶವಾಯಿತು. ಆಸ್ಪತ್ರೆಯ ಫಾರ್ಮಸಿಯವರಾದ ನಮಗೆ ಆ ಭಾಗ್ಯವಿಲ್ಲ. ಮದ್ದು ಎಣಿಸಿ ಕೊಡಲು ಕೌಂಟರಿನ ಹಿಂದೆ ಜನ ಇರಲೇಬೇಕು. ಹಾಗಾಗಿ ಮನೆಯಿಂದ ಕೆಲಸ ಮಾಡುವವರನ್ನು ಕಂಡರೆ ನಮಗೆ ಸ್ವಲ್ಪ ಹೊಟ್ಟೆಕಿಚ್ಚು ಇದ್ದದ್ದು ಸುಳ್ಳಲ್ಲ. ಕಳೆದ ಜೂನ್‌ನಲ್ಲಿ ನಾವು ಗಂಡ-ಹೆಂಡತಿ ಸಿಯಾಟಲ್ ಹತ್ತಿರದ ಬಾತೆಲ್‌ನಲ್ಲಿ ತಂಗಿಯ ಮನೆಯಲ್ಲಿ ಮೂರು ವಾರ ಇದ್ದು ಬಂದೆವು. ಆಮೇಲೆ ಅದು ಉಳಿಯಲಿಲ್ಲ.

ಅಮೆರಿಕದ ಮೊದಲ ಕೋವಿಡ್ ರೋಗಿ 2020ರ ಜನವರಿಯಲ್ಲಿ ಪತ್ತೆಯಾದದ್ದು ಅಲ್ಲೇ ಪಕ್ಕದಲ್ಲಿ, ಸ್ನೊಹೋಮಿಶ್ ಕೌಂಟಿಯಲ್ಲಿ. ಮಾರ್ಚ್ ಮೊದಲ ವಾರದಲ್ಲೇ ಮೈಕ್ರೋಸಾಫ್ಟ್, ಅಮೆಜಾನ್ ಕಂಪನಿಗಳು ಆ ಭಾಗದ ತಮ್ಮ ನೌಕರರಿಗೆ ಮನೆಯಿಂದ ಕೆಲಸ ಮಾಡಿ ಎಂದವು. ಈಗ ಗಾಳಿ ತಿರುಗಿದೆ. 2025ರ ಜನವರಿ 2ರಿಂದ ಅಮೆಜಾನಿನವರು ವಾರಕ್ಕೆ ಐದು ದಿನ ಆಫೀಸಿಗೆ ಹೋಗಬೇಕು. 50 ಮೈಲಿಯೊಳಗೆ ಇರುವವರು 2026ರ ಫೆಬ್ರವರಿ ಕೊನೆಯ ಹೊತ್ತಿಗೆ ಮೂರು ದಿನ ಬರಬೇಕು ಎಂದು ಮೈಕ್ರೋಸಾಫ್ಟ್ ಸೆಪ್ಟೆಂಬರ್‌ನಲ್ಲಿ ಹೇಳಿದೆ. ತಂಗಿಯದು ಸಣ್ಣ ಕಂಪನಿ, ಇನ್ನೂ ಮನೆಯಿಂದಲೇ. ಆದರೆ ಭಯ ಇದ್ದೇ ಇದೆ. "ಕೆಲಸ ಸರಿಯಾಗಿ ಆಗ್ತಾ ಇದೆ ಅಂತ ದಿನಾ ತೋರಿಸ್ತಾ ಇರ್ಬೇಕು ಅಣ್ಣಾ. ಇಲ್ಲಾಂದ್ರೆ ನಮ್ಮನ್ನೂ ಕರೀತಾರೆ. ಭಾವ ಬರೋದು ಸಂಜೆ ಆರಕ್ಕೆ, ಮಗನನ್ನು ಶಾಲೆಯಿಂದ ಯಾರು ಕರ್ಕೊಂಡು ಬರೋದು?" ಎಂದಳು.

ಎತ್ತರಿಸುವ ಮೇಜು, ಶಬ್ದ ತಡೆಯುವ ಹೆಡ್‌ಫೋನ್ ಎಲ್ಲ ಅವಳಲ್ಲಿದ್ದವು. (ಮೇಜಿನ ಅರ್ಧ ಭಾಗದಲ್ಲಿ ಇಸ್ತ್ರಿಗೆ ಕಾದ ಬಟ್ಟೆ ಇತ್ತು, ಆ ಮಾತು ಬೇರೆ.) ಇಲ್ಲದಿದ್ದದ್ದು ಒಂದೇ, ಒಂದು ಗಂಟೆಯ ನೆಮ್ಮದಿ. ಬೆಳಿಗ್ಗೆ ಎಂಟಕ್ಕೆ ಪುತ್ತೂರಿನಿಂದ ಅಮ್ಮನ ಫೋನು. ಎತ್ತದಿದ್ದರೆ "ಮನೆಯಲ್ಲೇ ಇದ್ದೀಯಲ್ಲ, ಎತ್ತಲಿಕ್ಕೆ ಏನು ಕಷ್ಟ?" ಆಮೇಲೆ ಪಾರ್ಸೆಲಿನವರು. ಅವರಿಗಿಂತ ಹೆಚ್ಚಾಗಿ ನಾವು: ಚಹಾ ಬೇಕಾ, ಕರಿಬೇವು ಎಲ್ಲಿದೆ, ವೈಫೈ ಯಾಕೆ ನಿಂತಿತು.

ಮೊದಲ ಗುರುವಾರ ಹೀಗೇ ಏನೋ ಕೇಳಲು ಬಾಗಿಲು ತಟ್ಟಿದೆವು. ಆ ಗಡಿಬಿಡಿಯಲ್ಲಿ ಗಿರಾಕಿ ಕಂಪನಿಗೆ ತಪ್ಪು ಫೈಲ್ ಹೋಯಿತು. ರಾತ್ರಿ ಹನ್ನೊಂದರವರೆಗೆ ಕೂತು ಸರಿಪಡಿಸಿದಳು. ನಮಗೆ ಒಂದು ಮಾತೂ ಹೇಳಲಿಲ್ಲ, ಅದೇ ಹೆಚ್ಚು ಚುಚ್ಚಿತು. ಎಣಿಸುತ್ತಿರುವವರನ್ನು ಮಾತನಾಡಿಸಬಾರದು ಎಂಬುದು ಫಾರ್ಮಸಿಯಲ್ಲಿ ನಾವು ಹೊಸಬರಿಗೆ ಕಲಿಸುವ ಮೊದಲ ಪಾಠ. ಸಿಡ್ನಿಯ ಎರಡು ಆಸ್ಪತ್ರೆಗಳ ಅಧ್ಯಯನವೊಂದು 2010ರಲ್ಲಿ ಪ್ರಕಟವಾಗಿತ್ತು. ಮದ್ದು ಕೊಡುತ್ತಿರುವ ನರ್ಸ್‌ಗೆ ಬರುವ ಒಂದೊಂದು ಅಡ್ಡಿಗೂ ತಪ್ಪುಗಳು ಸುಮಾರು 12%ರಷ್ಟು ಹೆಚ್ಚಾಗಿದ್ದವು. ಇದೆಲ್ಲ ಗೊತ್ತಿದ್ದ ನಾವೇ ಗಂಟೆಗೆ ಮೂರು ಸಲ ಬಾಗಿಲು ತಟ್ಟುತ್ತಿದ್ದೆವು!

ಮರುದಿನದಿಂದ ಒಂಬತ್ತರಿಂದ ಹನ್ನೊಂದೂವರೆಯವರೆಗೆ ಬಾಗಿಲ ಹಿಡಿಗೆ ಕೆಂಪು ಕರ್ಚೀಫು ಕಟ್ಟುವುದೆಂದಾಯಿತು. ಅದರ ಅರ್ಥ ನಮಗಿಂತ ಬೇಗ ಏಳು ವರ್ಷದ ಅಳಿಯನಿಗೆ ತಿಳಿಯಿತು. ಅಮ್ಮನ ಫೋನನ್ನು ಪುತ್ತೂರಿನ ಬೆಳಿಗ್ಗೆ ಏಳಕ್ಕೆ ಬದಲಿಸಿದೆವು. ಅಲ್ಲಿ ಆಗ ಹಿಂದಿನ ದಿನದ ಸಂಜೆ ಆರೂವರೆ.

ಕಷ್ಟವಾದದ್ದು ಕೆಲಸ ಮುಗಿಸುವುದು. ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತಾದರೂ ಸೂರ್ಯ ಮುಳುಗುವುದಿಲ್ಲ. ಕತ್ತಲಾಯಿತು, ಏಳೋಣ ಎನ್ನುವಂತಿಲ್ಲ. ಮಂಗಳವಾರ, ಗುರುವಾರ ರಾತ್ರಿ ಎಂಟೂವರೆಗೆ ಬೆಂಗಳೂರಿನವರ ಜೊತೆ ಮೀಟಿಂಗು, ಅವರಿಗದು ಬೆಳಗಿನ ಒಂಬತ್ತು. ಉಳಿದ ದಿನಗಳಲ್ಲೂ ಲ್ಯಾಪ್‌ಟಾಪ್ ಅಡುಗೆಮನೆಗೆ ಬರುತ್ತಿತ್ತು. ಒಂದು ಕೈಯಲ್ಲಿ ಒಗ್ಗರಣೆ ಸೌಟು, ಇನ್ನೊಂದರಲ್ಲಿ ಉತ್ತರ. ಎಷ್ಟು ಮಾಡಿದರೂ ಸಾಲದು ಎಂಬ ಮುಖ.

ಒಂದು ರಾತ್ರಿ ಊಟಕ್ಕೆ ಕೂತಾಗ ನಮ್ಮ ಡ್ಯೂಟಿ ಮುಗಿಯುವ ಕ್ರಮ ಹೇಳಿದೆವು. ನಿಯಂತ್ರಿತ ಮದ್ದುಗಳ ಕಪಾಟು ತೆರೆದು ಇಬ್ಬರು ಎಣಿಸಬೇಕು, ಪುಸ್ತಕಕ್ಕೆ ತಾಳೆಯಾಗಬೇಕು, ಸಹಿ ಹಾಕಿ ಮುಂದಿನವರಿಗೆ ಕೀಲಿ ಕೊಡಬೇಕು. ಒಂದು ಆಂಪ್ಯೂಲ್ ಕಡಿಮೆ ಬಿದ್ದರೂ ಮನೆಗೆ ಹೋಗುವಂತಿಲ್ಲ. ಕೀಲಿ ಕೊಟ್ಟ ಮೇಲೆ ಮಾತ್ರ ಆ ದಿನ ನಮ್ಮದಲ್ಲ. ತಂಗಿ ಸುಮ್ಮನೆ ಕೇಳಿದಳು. "ನನ್ನ ಕೀಲಿ ತಗೊಳ್ಳೋರೇ ಇಲ್ಲ" ಎಂದಳು.

ಮರುದಿನ ಮಗನ ಹಳೆಯ ಗೆರೆ ಪುಸ್ತಕ ಹೊರಬಂತು. ಸಂಜೆ ಐದೂವರೆಗೆ ಮೂರೇ ಸಾಲು: ಆದದ್ದು, ಉಳಿದದ್ದು, ನಾಳೆ ಎಲ್ಲಿಂದ ಶುರು. ಲ್ಯಾಪ್‌ಟಾಪ್ ಕಪಾಟಿನೊಳಗೆ, ಕೀಲಿ ಮಗನ ಕೈಗೆ. ಅವನು "ಎಣಿಸಿದ್ಯಾ ಅಮ್ಮಾ?" ಎಂದು ಗಂಭೀರವಾಗಿ ಕೇಳಿಯೇ ತೆಗೆದುಕೊಳ್ಳುತ್ತಿದ್ದ. ಉಳಿದ ಕೆಲಸ ಕಡಿಮೆಯೇನೂ ಆಗಲಿಲ್ಲ. ಆದರೆ ಬೆಳಿಗ್ಗೆ ಎಲ್ಲಿಂದ ಹಿಡಿಯಲಿ ಎಂದು ಅರ್ಧ ಗಂಟೆ ಹುಡುಕುವುದು ತಪ್ಪಿತು ಎಂದು ಅವಳೇ ಹೇಳಿದಳು.

ನಾವು ಇಲ್ಲಿಗೆ ಮರಳಿದ ಮೇಲೆ "ಕೀಲಿ ಕೊಟ್ಟೆ" ಎಂದು ವಾಟ್ಸಾಪ್ ಬರುತ್ತದೆ. ಬೇಸಿಗೆಯಲ್ಲಿ ಅದು ನಮ್ಮ ಬೆಳಗಿನ ನಾಲ್ಕೂವರೆ. ನವೆಂಬರ್ 2ರಂದು ಅಲ್ಲಿ ಗಡಿಯಾರ ಹಿಂದೆ ಹೋದಾಗಿನಿಂದ ಸರಿಯಾಗಿ ಐದೂವರೆ, ನಾವು ಡ್ಯೂಟಿಗೆ ಏಳುವ ಹೊತ್ತು. ವಾರದಲ್ಲಿ ಎರಡು ದಿನ ಬರುವುದಿಲ್ಲ. ಆಗ ಬೆಂಗಳೂರಿನವರ ಮೀಟಿಂಗ್ ಇದೆ ಎಂದರ್ಥ.