ಪುಡಿಹಿಮದ ಮೇಲೊಂದು ಬಂಡಿ
ರಾಕಿ ಪರ್ವತಗಳಲ್ಲಿ ಹೊಸದಾಗಿ ಬಿದ್ದ ಹಿಮ ಹಿಟ್ಟಿಗಿಂತಲೂ ಹಗುರ. ಘನಮೀಟರಿಗೆ 100 ಕಿಲೋ ತೂಗದಿರುವುದೂ ಉಂಟು. ಅದರ ಮೇಲೆ ಸುಮಾರು 200 ಕಿಲೋ ತೂಕದ ಸ್ನೋಮೊಬೈಲು ಏರಬೇಕು. ಬಲ ಹೆಚ್ಚಿಸಿದರಾಯಿತಲ್ಲ, ಎನ್ನುವಿರಿ. ಆದರೆ 3000 ಮೀಟರ್ ಎತ್ತರದ ತೆಳುಗಾಳಿಯಲ್ಲಿ ಎಂಜಿನು ತನ್ನ ಬಲದ ಸುಮಾರು ಕಾಲುಭಾಗವನ್ನು ಆಗಲೇ ಕಳೆದುಕೊಂಡಿರುತ್ತದೆ. ಟರ್ಬೊ ಯಂತ್ರ ಗಾಳಿಯನ್ನು ಒತ್ತಿ ತುಂಬಿ ಆ ನಷ್ಟವನ್ನು ಭರಿಸುತ್ತದೆ, ನಿಜ. ಜೊತೆಗೆ ತನ್ನ ಭಾರವನ್ನೂ ಹೇರುತ್ತದೆ. ಗಾಳಿಗೆ ತಕ್ಕ ಪೆಟ್ರೋಲು ಒದಗದಿದ್ದರೆ ಪಿಸ್ಟನ್ನೇ ಕರಗೀತು.

ಆದುದರಿಂದ ಭಾರವಿಳಿಸುವುದೇ ಮೊದಲ ಕೆಲಸವೆಂದು ನನ್ನ ಎಣಿಕೆ. ಆಸನ, ಬ್ಯಾಟರಿ, ಸೈಲೆನ್ಸರುಗಳಲ್ಲಿ ಉಳಿಸಿದ ಕಿಲೋಗಳ ಲಾಭ ಎಷ್ಟು ಎತ್ತರ ಏರಿದರೂ ಕರಗದು. ಹೂತ ಬಂಡಿಯನ್ನು ಎತ್ತುವವನ ಬೆನ್ನೇ ಅದಕ್ಕೆ ಸಾಕ್ಷಿ. (ಹಗುರ ಸೈಲೆನ್ಸರು ಕಣಿವೆಯ ಮೌನವನ್ನು ಕೆಡಿಸುವುದು ಬೇರೆ ಮಾತು.)

ಹೀಗೆ ಸಜ್ಜಾದ ಬಂಡಿ 30ರಿಂದ 45 ಡಿಗ್ರಿಯ ಕಡಿದಾದ ಇಳಿಜಾರುಗಳನ್ನೂ ಏರುತ್ತದೆ. ಹಿಮಕುಸಿತ ಹೆಚ್ಚಾಗುವುದು ಅಲ್ಲಿಯೇ. ಸವಾರ ಹೊತ್ತ ಸಲಿಕೆ, ಶೋಧದ ಕೋಲು, ರೇಡಿಯೊ ಸಂಕೇತದ ಯಂತ್ರ, ಈ ಭಾರವನ್ನು ಮಾತ್ರ ಇಳಿಸುವಂತಿಲ್ಲ.