ಒಣ ಹವೆಯ ದಿನಗಳಲ್ಲಿ ಕಾಡಿನ ಲೆಕ್ಕಾಚಾರ

ಫೆಬ್ರುವರಿ ಮುಗಿಯುತ್ತ ಬಂದಂತೆ ಹವಾಮಾನ ವರದಿಯಲ್ಲಿ ದಿನವೂ ಅದೇ ಮಾತು: ರಾಜ್ಯದಲ್ಲಿ ಒಣ ಹವೆ ಮುಂದುವರಿಯಲಿದೆ. ಮಳೆ ಇಲ್ಲ ಎಂದಷ್ಟೇ ಅರ್ಥ ಮಾಡಿಕೊಂಡು ನಾವು ಪುಟ ತಿರುವುತ್ತೇವೆ. ಬಂಡೀಪುರ, ನಾಗರಹೊಳೆ, ಭದ್ರಾ ಕಾಡುಗಳಲ್ಲಿ ಬೆಂಕಿ ಕಾವಲಿಗೆ ನಿಂತವರಿಗೆ ಮಾತ್ರ ಅದು ನಿದ್ದೆಗೆಡಿಸುವ ಸುದ್ದಿ. 2019ರ ಫೆಬ್ರುವರಿ ಕೊನೆಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಿನ ಕಾಡು ಹೊತ್ತಿಕೊಂಡಾಗ ಆರಿಸಲು ವಾಯುಪಡೆಯ ಹೆಲಿಕಾಪ್ಟರ್‌ಗಳೇ ಬರಬೇಕಾಯಿತು. ಉಪಗ್ರಹ ಚಿತ್ರಗಳ ಅಂದಾಜಿನಂತೆ ಸುಟ್ಟದ್ದು ಹತ್ತು ಸಾವಿರ ಎಕರೆಗೂ ಹೆಚ್ಚು.

ಹವೆ ತಾನಾಗಿ ಕಾಡಿಗೆ ಬೆಂಕಿ ಇಡುವುದು ನಮ್ಮಲ್ಲಿ ತೀರಾ ಅಪರೂಪ. ಆದರೆ ಯಾರೋ ಹಚ್ಚಿದ ಕಿಡಿ ಅಲ್ಲೇ ಸಾಯಬೇಕೋ ಬೆಟ್ಟ ಹತ್ತಬೇಕೋ ಎಂಬುದನ್ನು ತೀರ್ಮಾನಿಸುವುದು ಹವೆಯೇ.

ಮೊದಲು ತೇವಾಂಶದ ಲೆಕ್ಕ ನೋಡೋಣ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ 17 ಗ್ರಾಂ ನೀರಾವಿ ಇರಬಲ್ಲದು. 35 ಡಿಗ್ರಿಗೆ ಈ ಮಿತಿ ಸುಮಾರು 40 ಗ್ರಾಂಗೆ ಏರುತ್ತದೆ. ಬೆಳಿಗ್ಗೆ ಶೇ 80ರಷ್ಟು ಸಾಪೇಕ್ಷ ಆರ್ದ್ರತೆ ಇದ್ದ ಗಾಳಿ ಒಂದಿಷ್ಟೂ ನೀರು ಕಳೆದುಕೊಳ್ಳದೆ, ಬರೀ ಬಿಸಿಲಿಗೆ ಕಾದು ಮಧ್ಯಾಹ್ನದ ಹೊತ್ತಿಗೆ ಶೇ 35ರ ಆಸುಪಾಸಿಗೆ ಇಳಿಯುವುದು ಹೀಗೆ. ಬಾಯಾರಿದ ಈ ಗಾಳಿ ತರಗೆಲೆ, ಹುಲ್ಲು, ಕಡ್ಡಿಗಳಲ್ಲಿ ಉಳಿದ ಪಸೆಯನ್ನೆಲ್ಲ ಹೀರಿಕೊಳ್ಳುತ್ತದೆ.

ಹೀರುವ ವೇಗ ಎಲ್ಲದಕ್ಕೂ ಒಂದೇ ಅಲ್ಲ. ಕಾಡ್ಗಿಚ್ಚಿನ ವಿಜ್ಞಾನಿಗಳು ಒಣ ಸೌದೆಯನ್ನು ದಪ್ಪಕ್ಕೆ ತಕ್ಕಂತೆ ವಿಂಗಡಿಸುತ್ತಾರೆ. ಆರು ಮಿಲಿಮೀಟರ್‌ಗಿಂತ ತೆಳುವಾದ ಹುಲ್ಲು, ಎಲೆ, ಚುಳ್ಳಿಗಳದ್ದು ಒಂದು ಗಂಟೆಯ ವರ್ಗ. ಸುತ್ತಲಿನ ಹವೆ ಬದಲಾದರೆ ಗಂಟೆಯೊಳಗೆ ಅವು ಬಹುಮಟ್ಟಿಗೆ ಅದಕ್ಕೆ ಹೊಂದಿಕೊಂಡುಬಿಡುತ್ತವೆ. ಬೆರಳು ಗಾತ್ರದ ಕಡ್ಡಿಗೆ ಹತ್ತು ಗಂಟೆ, ದೊಡ್ಡ ದಿಮ್ಮಿಗೆ ಸಾವಿರ ಗಂಟೆ. ಬೆಂಕಿ ಹೊತ್ತುವುದೂ ಓಡುವುದೂ ಮೊದಲ ವರ್ಗದಲ್ಲೇ. ರಾತ್ರಿ ನಾಲ್ಕು ಹನಿ ಬಿತ್ತು, ಇನ್ನು ಭಯವಿಲ್ಲ ಎನ್ನುವವರು ಇದನ್ನು ಗಮನಿಸಬೇಕು. ಬೆಳಗಿನ ಬಿಸಿಲು ನಾಲ್ಕು ಗಂಟೆ ಕಾದರೆ ಹುಲ್ಲು ಮತ್ತೆ ಗರಿಗರಿ.

ಬಂಡೀಪುರದಂಥ ಎಲೆಯುದುರುವ ಕಾಡಿನಲ್ಲಿ ತೇಗ, ಮತ್ತಿ, ದಿಂಡಿಗ ಮರಗಳು ಬೇಸಿಗೆಯ ಬಾಗಿಲಲ್ಲೇ ಎಲೆ ಕಳಚಿ ನೆಲವನ್ನು ಮುಚ್ಚಿರುತ್ತವೆ. ಜೊತೆಗೆ ಅಮೆರಿಕ ಖಂಡದಿಂದ ಬಂದು ಬೇರೂರಿದ ಲಂಟಾನದ ಪೊದೆಗಳು. ನೆಲದ ಮೇಲೆ ಹರಿಯಬೇಕಾದ ಬೆಂಕಿ ಒಣಗಿದ ಲಂಟಾನವನ್ನು ಹಿಡಿದು ಮರದ ಕೊಂಬೆಗೇ ಏರುತ್ತದೆ.

ಘಟ್ಟ ಇಳಿವ ಗಾಳಿ

ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಒಳನಾಡಿನಿಂದ ಕರಾವಳಿಯ ಕಡೆಗೆ ಮೂಡಣ ಗಾಳಿ ಬೀಸುವುದುಂಟು. ಘಟ್ಟ ದಾಟಿ ಕೆಳಗಿಳಿಯುವಾಗ ಅದರ ಮೇಲಿನ ಒತ್ತಡ ಹೆಚ್ಚುತ್ತದೆ. ಒಂದು ಕಿಲೋಮೀಟರ್ ಇಳಿದರೆ ಸುಮಾರು 10 ಡಿಗ್ರಿ ಬಿಸಿಯೇರುತ್ತದೆ, ಸಾಪೇಕ್ಷ ಆರ್ದ್ರತೆ ಅದಕ್ಕೆ ತಕ್ಕಂತೆ ಕುಸಿಯುತ್ತದೆ. ಈ ಗಾಳಿ ಕಡಲಗಾಳಿಯನ್ನು ಮಧ್ಯಾಹ್ನದವರೆಗೂ ತಡೆದು ನಿಲ್ಲಿಸಿದ ದಿನ ಸಮುದ್ರದ ಮಗ್ಗುಲಲ್ಲೇ ಇರುವ ಮಂಗಳೂರು, ಕಾರವಾರಗಳು 37–38 ಡಿಗ್ರಿ ಮುಟ್ಟುತ್ತವೆ.

ಇದೇ ಭೌತಶಾಸ್ತ್ರದ ರುದ್ರರೂಪ ಕ್ಯಾಲಿಫೋರ್ನಿಯಾದ ಸಾಂತಾ ಆನಾ ಗಾಳಿ. ಎತ್ತರದ ಮರುಭೂಮಿಯಿಂದ ಕಣಿವೆಗಳ ಮೂಲಕ ನುಗ್ಗಿ ಕಡಲಿನತ್ತ ಇಳಿಯುವ ಈ ಗಾಳಿ, 2025ರ ಜನವರಿ 7ರಂದು ಲಾಸ್ ಏಂಜಲೀಸ್ ಸುತ್ತ ಹೊತ್ತಿದ ಬೆಂಕಿಯನ್ನು ಊರೊಳಕ್ಕೇ ಒಯ್ದಿತು. ಪ್ಯಾಲಿಸೇಡ್ಸ್ ಮತ್ತು ಈಟನ್ ಎಂಬ ಎರಡು ಬೆಂಕಿಗಳಿಗೆ ಆಹುತಿಯಾದ ಕಟ್ಟಡಗಳು ಹದಿನಾರು ಸಾವಿರಕ್ಕೂ ಹೆಚ್ಚು. ಅಲ್ಲಿ ಚಳಿಗಾಲದ ಮಳೆ ಆ ವರ್ಷ ತಡವಾಗಿತ್ತು. ಅದಕ್ಕೂ ಹಿಂದಿನ ಎರಡು ವರ್ಷ ಚೆನ್ನಾಗಿ ಸುರಿದ ಮಳೆಗೆ ಪೊದೆ, ಹುಲ್ಲು ಹುಲುಸಾಗಿ ಬೆಳೆದಿದ್ದವು. ಒಳ್ಳೆಯ ಮಳೆಗಾಲದ ಬೆನ್ನಿಗೆ ಬರುವ ಒಣ ಬೇಸಿಗೆಗೆ ನಮ್ಮ ಕಾಡುಗಳೂ ಹೆದರಬೇಕಾದ ಕಾರಣ ಇದೇ.

ಗಾಳಿಯ ಕೆಲಸ ಒಲೆಯ ಊದುಕೊಳವೆಯಂತೆ ಆಮ್ಲಜನಕ ಒದಗಿಸುವುದಷ್ಟೇ ಅಲ್ಲ. ಅದು ಜ್ವಾಲೆಯನ್ನು ಮುಂದಕ್ಕೆ ಬಾಗಿಸಿ ಎದುರಿನ ಹುಲ್ಲನ್ನು ಮೊದಲೇ ಕಾಯಿಸುತ್ತದೆ. ಕೆಂಡಗಳನ್ನು ಹಾರಿಸಿ, ಬೆಂಕಿ ತಡೆಯಲು ಸವರಿಟ್ಟ ಬೆಂಕಿ ರೇಖೆಯ ಆಚೆ ಹೊಸ ಬೆಂಕಿ ಹುಟ್ಟಿಸುತ್ತದೆ. ಇಳಿಜಾರೂ ಇದೇ ಕೆಲಸ ಮಾಡುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಾದಂತೆಲ್ಲ ಮೇಲಕ್ಕೇರುವ ಬೆಂಕಿಯ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ.

ಮಳೆಗೆ ಮುಂಚಿನ ಬಿರುಗಾಳಿ

ಏಪ್ರಿಲ್ ಹೊತ್ತಿಗೆ ಚಿತ್ರ ಬದಲಾಗುತ್ತದೆ. ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿಗಳ ತೇವದ ಗಾಳಿ ಒಳನಾಡಿನ ಕಾದ ಗಾಳಿಯೊಂದಿಗೆ ಸೇರಿ ಸಂಜೆಗೆ ಹತ್ತು ಹದಿನೈದು ಕಿಲೋಮೀಟರ್ ಎತ್ತರದ ಗುಡುಗು ಮೋಡಗಳು ಏಳುತ್ತವೆ. ಮಾವಿನ ಮಳೆಗೆ, ಕಾಫಿಯ ಹೂಮಳೆಗೆ ಕಾದವರಿಗೆ ಸಂಭ್ರಮ. ಕಾಡಿಗೂ ಒಂದು ಹದವಾದ ಮಳೆ ಬಿದ್ದರೆ ನೆಮ್ಮದಿ. ಆದರೆ ಮಳೆ ನೆಲ ಮುಟ್ಟುವುದಕ್ಕೂ ಮೊದಲು ಬರುವುದು ಬಿರುಗಾಳಿ. ಹನಿಗಳು ದಾರಿಯಲ್ಲೇ ಆವಿಯಾದಾಗ ಸುತ್ತಲಿನ ಗಾಳಿ ತಂಪಾಗಿ, ಭಾರವಾಗಿ ನೆಲಕ್ಕೆ ಅಪ್ಪಳಿಸಿ ಎಲ್ಲ ದಿಕ್ಕಿಗೂ ಹರಡುತ್ತದೆ. ಒಂದು ಕಡೆಗೆ ಸಾಗುತ್ತಿದ್ದ ಬೆಂಕಿ ನಿಮಿಷಗಳಲ್ಲಿ ದಿಕ್ಕು ತಿರುಗಿಸುತ್ತದೆ. 2013ರ ಜೂನ್ 30ರಂದು ಅಮೆರಿಕದ ಆರಿಜೋನಾದ ಯಾರ್ನೆಲ್ ಬೆಟ್ಟದಲ್ಲಿ 19 ಮಂದಿ ನುರಿತ ಬೆಂಕಿಯಾಳುಗಳು ಜೀವ ತೆತ್ತದ್ದು ಹೀಗೆ ಹಠಾತ್ತನೆ ತಿರುಗಿದ ಗಾಳಿಯಿಂದ. ಬೆಂಕಿ ಉರಿಯುತ್ತಿರುವ ಸಂಜೆ ದೂರದಲ್ಲಿ ಗುಡುಗಿದರೆ, ಸೊಪ್ಪಿನಿಂದ ಬಡಿದು ಆರಿಸುತ್ತಿರುವವರು ಮೊದಲು ತಪ್ಪಿಸಿಕೊಳ್ಳುವ ದಾರಿ ನೋಡಿಕೊಳ್ಳಬೇಕು.

ಮಳೆಯಿಲ್ಲದ ಸಿಡಿಲಿನ ಮಾತು ಬೇರೆ. 2020ರ ಆಗಸ್ಟ್‌ನಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಇಂಥ ಒಣ ಸಿಡಿಲುಗಳಿಂದಲೇ ನೂರಾರು ಕಡೆ ಕಾಡು ಹೊತ್ತಿತು. ನಮ್ಮಲ್ಲಿ ಸಿಡಿಲಿನ ಜೊತೆ ಸಾಮಾನ್ಯವಾಗಿ ಮಳೆಯೂ ಬರುತ್ತದೆ. ಹೀಗಾಗಿ ಇಲ್ಲಿನ ಕಾಡ್ಗಿಚ್ಚುಗಳಲ್ಲಿ ಬಹುಪಾಲು ಮನುಷ್ಯರದ್ದೇ: ಎಸೆದ ಬೀಡಿ, ಹೊಲದ ಕಸಕ್ಕೆ ಇಟ್ಟ ಕಡ್ಡಿ, ಹೊಸ ಹುಲ್ಲು ಚಿಗುರಲಿ ಎಂಬ ಆಸೆ, ಕೆಲವೊಮ್ಮೆ ಬರೀ ದ್ವೇಷ.

ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹಗಳಿಂದ ಬೆಂಕಿಯ ತಾಣಗಳನ್ನು ಗುರುತಿಸಿ ಅರಣ್ಯ ಸಿಬ್ಬಂದಿಯ ಮೊಬೈಲ್‌ಗೆ ಸಂದೇಶ ಕಳಿಸುತ್ತದೆ. ಉಪಯುಕ್ತ ವ್ಯವಸ್ಥೆ, ಆದರೆ ಉಪಗ್ರಹಕ್ಕೆ ಕಾಣುವುದು ಹೊತ್ತಿದ ಮೇಲೆ. ಹೊತ್ತುವ ಮೊದಲೇ ಹೇಳಬಲ್ಲದ್ದು ಹವಾಮಾನ ಮುನ್ಸೂಚನೆ ಒಂದೇ. ಅದನ್ನು ಓದಲು ಹಲವು ದೇಶಗಳ ಬೆಂಕಿ ಕಾವಲುಗಾರರು ಬಳಸುವ ಸರಳ ಸೂತ್ರವಿದೆ: ಉಷ್ಣಾಂಶ 30 ಡಿಗ್ರಿಗಿಂತ ಹೆಚ್ಚು, ಆರ್ದ್ರತೆ ಶೇ 30ಕ್ಕಿಂತ ಕಡಿಮೆ, ಗಾಳಿ ಗಂಟೆಗೆ 30 ಕಿಲೋಮೀಟರ್‌ಗಿಂತ ವೇಗ. ಮೂರೂ ಕೂಡಿದ ದಿನ ಕಿಡಿ ಕೈಮೀರುತ್ತದೆ. ನಮ್ಮ ಬೇಸಿಗೆಯಲ್ಲಿ ಮೊದಲನೆಯದು ಹೇಗೂ ಇದ್ದೇ ಇರುತ್ತದೆ, ನೋಡಬೇಕಾದ್ದು ಉಳಿದೆರಡನ್ನು. ಈ ಅಂಕಿಗಳು ಇಂದು ಎಲ್ಲರ ಫೋನಿನಲ್ಲೂ ಸಿಗುತ್ತವೆ. ಕಾಡಂಚಿನ ರೈತರು ಅಂಥ ದಿನ ಕಸಕ್ಕೆ ಬೆಂಕಿ ಇಡುವುದನ್ನು ಮುಂದೂಡಲಿ, ಪ್ರವಾಸಿಗರು ಕಾಡುದಾರಿಯಲ್ಲಿ ಒಲೆ ಹೂಡದಿರಲಿ. ಹೊಗೆ ಕಂಡವರು ಫೋಟೊ ತೆಗೆಯುವ ಮೊದಲು ಹತ್ತಿರದ ಅರಣ್ಯ ಕಚೇರಿಗೋ 112ಕ್ಕೋ ಕರೆ ಮಾಡಲಿ.