ಸಹಪಾಠಿಯೆಂಬ ಬಂಧು

ಮಾಘ ಕಳೆದು ಫಾಲ್ಗುಣ ಕಾಲಿಡುವ ಹೊತ್ತಿಗೆ ನಮ್ಮ ಪ್ರೌಢಶಾಲೆಗಳಲ್ಲಿ ಬೀಳ್ಕೊಡುಗೆಯ ಸಮಾರಂಭಗಳು ನಡೆಯುತ್ತವೆ. ಹತ್ತನೆಯ ತರಗತಿಯ ಮಕ್ಕಳು ಗುರುಗಳ ಪಾದಕ್ಕೆರಗಿ, ಗುಂಪು ಭಾವಚಿತ್ರಕ್ಕೆ ನಿಂತು, ಒಬ್ಬರ ಆಟೋಗ್ರಾಫ್ ಪುಸ್ತಕದಲ್ಲಿ ಇನ್ನೊಬ್ಬರು ಎರಡು ಸಾಲು ಬರೆದು ಮನೆಗೆ ಮರಳುತ್ತಾರೆ. ಬಾಗಲಕೋಟೆಯಲ್ಲಂತೂ ಅದೇ ದಿನಗಳಲ್ಲಿ ಹೋಳಿಯ ಹಲಗೆಯ ನಾದ ಎದ್ದಿರುತ್ತದೆ. ಓದಲು ಕುಳಿತ ಮಕ್ಕಳ ಕಣ್ಣು ಪುಸ್ತಕದಲ್ಲಿ, ಕಿವಿ ಬೀದಿಯಲ್ಲಿ!

ನವನಗರದ ಶಾಲೆಗಳಲ್ಲಿ ಇಂಥ ಸಮಾರಂಭಗಳಿಗೆ ಹೋಗಿ ಮಕ್ಕಳ ಮಾತನ್ನು ನಾವು ಆಲಿಸಿದ್ದೇವೆ. ಅವರು ಪಾಠಗಳನ್ನು ನೆನೆಯುವುದು ಕಡಿಮೆ. ಬುತ್ತಿ ಬಿಚ್ಚಿ ರೊಟ್ಟಿ ಹಂಚಿಕೊಂಡದ್ದು, ಗಣಿತ ಬಾರದ ಗೆಳೆಯನಿಗೆ ಲೆಕ್ಕ ಹೇಳಿಕೊಟ್ಟದ್ದು, ಜ್ವರ ಬಂದ ಗೆಳತಿಗೆ ಟಿಪ್ಪಣಿ ಬರೆದುಕೊಟ್ಟದ್ದು, ಗುರುಗಳು ಗದರಿಸಿದ್ದು, ಮರುದಿನ ಅವರೇ ಬೆನ್ನು ತಟ್ಟಿದ್ದು, ಇವೇ ಅವರ ನೆನಪುಗಳು. ಪಾಠ ಪರೀಕ್ಷೆಯ ತನಕ, ಸಹವಾಸ ಬದುಕಿನ ತನಕ ಎಂಬುದನ್ನು ಈ ಮಕ್ಕಳು ತಿಳಿಯದೆಯೇ ತಿಳಿಸುತ್ತಾರೆ.

ನವನಗರದಲ್ಲಿ ಈ ಮಾತಿಗೆ ಬೇರೆಯೇ ಒಂದು ತೂಕವಿದೆ. ಈ ಊರು ತಾನಾಗಿ ಬೆಳೆದ ಊರಲ್ಲ, ಮುಳುಗಿದ ಊರಿನ ಬದಲಿಗೆ ಕಟ್ಟಿದ ಊರು. ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯ 519.60 ಮೀಟರ್ ಎತ್ತರದವರೆಗೆ ನೀರು ನಿಲ್ಲಿಸಲು ಅವಕಾಶ ನೀಡಿತು. ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳಿಗೆ ಹಿನ್ನೀರು ಬಂತು. ಒಂದೇ ಓಣಿಯಲ್ಲಿ ತಲೆಮಾರುಗಳಿಂದ ಬಾಳಿದವರು ನವನಗರದ ಸಂಖ್ಯೆ ಹಚ್ಚಿದ ಸೆಕ್ಟರುಗಳಿಗೆ ಚದುರಿದರು. ಕಿಲ್ಲೆಯವರು, ಜೈನಪೇಟೆಯವರು, ವೆಂಕಟಪೇಟೆಯವರು ಎಂದು ಕರೆಸಿಕೊಳ್ಳುತ್ತಿದ್ದವರಿಗೆ ವಿಳಾಸವೆಂದರೆ ಒಂದು ಅಂಕಿಯಾಯಿತು.

ಮನೆಗೆ ಪರಿಹಾರವಿತ್ತು, ಹೊಲಕ್ಕೆ ಪರಿಹಾರವಿತ್ತು. ಆದರೆ ಕೂಡಿ ಆಡಿದ ಅಂಗಳಕ್ಕೆ, ಕೂಡಿ ಕಲಿತ ಮನೆಗೆ ಯಾವ ದರದಲ್ಲಿ ಬೆಲೆ ಕಟ್ಟುವುದು? ಆ ಕಾಲದಲ್ಲಿ ಒಟ್ಟಿಗೆ ಓದಿದವರು ಇಂದು ನಡುವಯಸ್ಸು ಮುಟ್ಟಿದ್ದಾರೆ. ಅವರು ಸೇರಿದಾಗ ನಮ್ಮ ಶಾಲೆ ಇಲ್ಲಿತ್ತು ಎಂದು ಮಕ್ಕಳಿಗೆ ತೋರಿಸಲು ಹಲವರಿಗೆ ಸ್ಥಳವೇ ಉಳಿದಿಲ್ಲ. ಉಳಿದದ್ದು ಒಬ್ಬರಿಗೊಬ್ಬರು ಮಾತ್ರ. ಕಟ್ಟಡ ಹೋದಲ್ಲಿ ಸಹಪಾಠಿಯೇ ಶಾಲೆ.

ಕೂಡಿ ಕಲಿಯುವುದು ನಮ್ಮ ಈ ಸೀಮೆಗೆ ಹೊಸದಲ್ಲ. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದಲ್ಲಿ ಬಾಲಕ ಬಸವಣ್ಣನವರು ಗುರುವಿನ ಬಳಿ ಹಲವು ವರ್ಷ ವಿದ್ಯಾರ್ಥಿಯಾಗಿದ್ದರೆಂದು ಪರಂಪರೆ ಹೇಳುತ್ತದೆ. ಮುಂದೆ ಕಲ್ಯಾಣದಲ್ಲಿ ಅಗಸ ಮಾಚಯ್ಯನವರು, ಹಗ್ಗ ಹೊಸೆಯುವ ಚಂದಯ್ಯನವರು, ಸಮಗಾರ ಹರಳಯ್ಯನವರು, ಅಕ್ಕಿ ಆಯುವ ಕಾಯಕದ ಲಕ್ಕಮ್ಮನವರು ಸೇರಿ ಕಟ್ಟಿದ ಅನುಭಾವದ ಬಳಗವಾದರೂ ಏನು? ಕುಲ ಕೇಳದೆ ಒಂದೇ ನೆಲದ ಮೇಲೆ ಕುಳಿತು ಅರಿವನ್ನು ಹಂಚಿಕೊಂಡ ಮಹಾಶಾಲೆಯೇ ಅದು. ತರಗತಿಯ ಬೆಂಚಿನ ಮೇಲೆ ಕುಳಿತ ಮಕ್ಕಳು ಪ್ರತಿದಿನ ಅದನ್ನೇ ಆಚರಿಸುತ್ತಾರೆ. ಆ ಬೆಂಚಿನಲ್ಲಿದ್ದ ಸಮತೆಯನ್ನು ಮನೆಯ ಹೊಸ್ತಿಲಲ್ಲಿ ಕಳಚಿ ಇಡುವುದನ್ನು ಕಲಿಸುವವರು ನಾವು, ಹಿರಿಯರು.

ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರಲ್ಲಿ ಹುಟ್ಟಿತು. ಬಾದಾಮಿಯ ಸಮೀಪ, ಮಲಪ್ರಭೆಯ ದಂಡೆಯ ಮೇಲೆ ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅಲ್ಲಿ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿ ಕಲಿತ ವಟುಗಳು ನಾಡಿನ ಅನೇಕ ಮಠಗಳ ಹೊಣೆ ಹೊತ್ತರು. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಬಡ ಮಕ್ಕಳಂತೂ ಮನೆಮನೆಗೆ ಇದ್ದಾರೆ. ಹಿಡಿ ಜೋಳ ಕೊಟ್ಟ ರೈತನ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಆದರೆ ಆ ಜೋಳದಲ್ಲಿ ಓದಿದವರು ಅದನ್ನು ಮರೆಯಲಾಗದು.

ಬೀಳ್ಕೊಡುಗೆಯ ಭಾಗ್ಯವೂ ಇಲ್ಲದ ಒಂದು ತಂಡವನ್ನು ಇಲ್ಲಿ ನೆನೆಯಬೇಕು. 2021ರಲ್ಲಿ ಹತ್ತನೆಯ ತರಗತಿ ಮುಗಿಸಿದ ಮಕ್ಕಳು ಆ ವರ್ಷದ ಬಹುಭಾಗವನ್ನು ಮನೆಯಲ್ಲಿಯೇ ಕಳೆದರು. ಕೊರೊನಾ ವ್ಯಾಧಿಯ ಕಾರಣದಿಂದ ಆರು ವಿಷಯಗಳ ಪರೀಕ್ಷೆ ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ ನಡೆಯಿತು. ಮುಖಕ್ಕೆ ಮುಸುಕು, ಮೇಜಿಗೊಬ್ಬರು, ಬರೆದು ಎದ್ದು ಹೋದದ್ದೇ ವಿದಾಯ. ಮೊಬೈಲು ಇದ್ದ ಮನೆಯ ಮಗುವಿಗೆ ಪಾಠ ತಲುಪಿತು, ಇಲ್ಲದ ಮನೆಯ ಮಗು ಪಕ್ಕದ ಮನೆಯ ಕಟ್ಟೆಯ ಮೇಲೆ ಕಾಯಿತು. ಶಾಲೆಯೆಂದರೆ ಪಾಠವಷ್ಟೇ ಅಲ್ಲ, ಜೊತೆಯಾಗಿ ಕೂರುವುದು ಎಂಬುದನ್ನು ಆ ವರ್ಷ ಎಲ್ಲರಿಗೂ ಕಲಿಸಿತು.

ಇನ್ನು ಮುಖ್ಯವಾದ ಮಾತು. ಗುಂಪು ಭಾವಚಿತ್ರ ಕೈಗೆ ಬಂದಾಗ ಎಲ್ಲರೂ ತಮ್ಮ ಮುಖವನ್ನು ಹುಡುಕುತ್ತಾರೆ. ಅದರಲ್ಲಿ ಇಲ್ಲದವರನ್ನು ಹುಡುಕುವವರು ಯಾರು? ಒಂದನೆಯ ತರಗತಿಯಲ್ಲಿ ಪಕ್ಕದಲ್ಲಿ ಕುಳಿತು ಅಕ್ಷರ ತಿದ್ದಿದವರೆಲ್ಲ ಹತ್ತನೆಯ ತರಗತಿಯ ಚಿತ್ರದಲ್ಲಿ ನಿಂತಿರುವುದಿಲ್ಲ. ಒಬ್ಬ ತಂದೆ ತಾಯಿಯರೊಡನೆ ದುಡಿಯಲು ಗೋವೆಗೋ ಮಂಗಳೂರಿಗೋ ಹೋಗಿರುತ್ತಾನೆ. ಒಬ್ಬ ಗ್ಯಾರೇಜು ಸೇರಿರುತ್ತಾನೆ. ಒಬ್ಬಳಿಗೆ ಎಂಟನೆಯ ತರಗತಿ ದಾಟುವುದರೊಳಗೆ ಮದುವೆಯ ಮಾತು ನಡೆದಿರುತ್ತದೆ. ಹೆಣ್ಣಿಗೆ ಹದಿನೆಂಟು ತುಂಬದೆ ಮದುವೆ ಮಾಡುವುದು 2006ರ ಕಾಯಿದೆಯಂತೆ ಶಿಕ್ಷಾರ್ಹ ಅಪರಾಧ. ಕಾಯಿದೆಗಿಂತ ಮೊದಲು ಅದು ಶರಣಧರ್ಮಕ್ಕೆ ದ್ರೋಹ. ಹೆಣ್ಣಿಗೂ ಇಷ್ಟಲಿಂಗವನ್ನು ಕೊಟ್ಟ ಧರ್ಮ ಅವಳ ಕೈಯ ಪುಸ್ತಕವನ್ನು ಕಸಿಯಲು ಹೇಗೆ ಒಪ್ಪೀತು?

ಈಚಿನ ವರ್ಷಗಳಲ್ಲಿ ಹಳೆಯ ವಿದ್ಯಾರ್ಥಿಗಳು ಕೂಡಿ ಗುರುವಂದನೆ ಮಾಡುವ ಪದ್ಧತಿ ನಮ್ಮ ಭಾಗದಲ್ಲಿ ಬೆಳೆದಿದೆ. ನಡುಗುವ ಕೈಯ ಗುರುಗಳಿಗೆ ಶಾಲು ಹೊದಿಸಿ, ಫಲಪುಷ್ಪ ಅರ್ಪಿಸಿ, ಹೋಳಿಗೆಯ ಊಟ ಮಾಡಿ ಮರಳುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೆ ವಂದನೆ ಶಾಲಿಗೇ ಮುಗಿಯಬಾರದು. ಕೂಡಿದ ತಂಡ ಒಂದು ಕೆಲಸ ಮಾಡಲಿ: ತಮ್ಮೊಡನೆ ಓದು ಆರಂಭಿಸಿ ನಡುವೆ ಬಿಟ್ಟವರ ಹೆಸರು ಬರೆಯಲಿ. ಅವರ ಮನೆಗೆ ಹೋಗಲಿ. ಅವರ ಮಕ್ಕಳು ಶಾಲೆಯಲ್ಲಿದ್ದಾರೆಯೇ ಎಂದು ವಿಚಾರಿಸಲಿ. ಇಲ್ಲದಿದ್ದರೆ ಶುಲ್ಕವೋ, ಪುಸ್ತಕವೋ, ಪ್ರಸಾದನಿಲಯದ ಒಂದು ಸ್ಥಾನವೋ ದೊರೆಯುವಂತೆ ಮಾಡಲಿ. ದಾಸೋಹವೆಂದರೆ ಇದೇ. ಕೊಟ್ಟೆನೆಂಬ ಭಾವವಿಲ್ಲದೆ, ಪಡೆದದ್ದನ್ನು ಮುಂದಿನವರಿಗೆ ದಾಟಿಸುವುದು.

ತಾಯಂದಿರಲ್ಲಿ ಒಂದು ಬಿನ್ನಹ. ಮಗ ಮಗಳು ಬೀಳ್ಕೊಡುಗೆಯಿಂದ ಮರಳಿದ ಸಂಜೆ, ಎಷ್ಟು ಅಂಕ ಬಂದೀತು ಎಂದು ಕೇಳಬೇಡಿ. ನಿನ್ನ ತರಗತಿಯಲ್ಲಿ ಯಾರು ಓದು ಬಿಟ್ಟರು, ಏಕೆ ಬಿಟ್ಟರು ಎಂದು ಕೇಳಿರಿ. ಆ ಮಗುವಿನ ಹೆಸರು ನಿಮ್ಮ ಮನೆಯಲ್ಲಿ ಒಮ್ಮೆ ಉಚ್ಚಾರವಾದರೆ ಅದಕ್ಕೆ ದಾರಿ ತೆರೆಯಲು ನಾಲ್ಕು ಮಂದಿ ಹುಟ್ಟುತ್ತಾರೆ.

ಹೊರಡುವ ಮಕ್ಕಳೇ, ಊರು ಮುಳುಗಬಹುದು, ಶಾಲೆ ಸ್ಥಳ ಬದಲಿಸಬಹುದು. ರೊಟ್ಟಿ ಹಂಚಿಕೊಂಡ ಕೈ ಮಾತ್ರ ನಿಮ್ಮೊಡನೆ ಬರುತ್ತದೆ. ಆ ಕೈಯನ್ನು ಚಾಚಿಯೇ ಇರಿಸಿರಿ. ನಿಮಗೆ ಶುಭವಾಗಲಿ.